ಬರೀ ಭತ್ತದ ಹುಲ್ಲು ಹಾಕುವವರು ಮರದ ಸೊಪ್ಪೂ ಸೇರಿಸಿ

ಬೇಸಿಗೆಯಲ್ಲಿ ಭತ್ತದ ಹುಲ್ಲನ್ನೇ ನಂಬಿಕೊಂಡ ಹಸು ಸಾಕಣೆದಾರರು ದಯವಿಟ್ಟು ಗಮನಿಸಿ. ಈ ಹುಲ್ಲಿನಲ್ಲಿ ಆಕ್ಸಲೇಟ್ ಅನ್ನೋ ರಾಸಾಯನಿಕ ಅಂಶ ಇರುತ್ತೆ. ಇರೋ ಅಲ್ಪಸ್ವಲ್ಪ ಕ್ಯಾಲ್ಸಿಯಂ ಕೂಡ ಹಸುವಿಗೆ ಪೂರ್ತಿ ದಕ್ಕಲು ಅದು ಬಿಡಲ್ಲ.

ಮರದ ಬೇರು ಆಳದಿಂದ ಖನಿಜಾಂಶ ಎಳೆದು ಎಲೆಗೆ ತುಂಬುತ್ತೆ. ನುಗ್ಗೆ, ಹಿಪ್ಪುನೇರಳೆ, ಅಗಸೆ ಮರ ಬದುವಿನಲ್ಲೇ ಬೆಳೆಯುತ್ತವೆ. ನನ್ನ ಮೊದಲ ಆಯ್ಕೆ ನುಗ್ಗೆ: ಕ್ಯಾಲ್ಸಿಯಂ, ಕಬ್ಬಿಣ, ಪ್ರೋಟೀನ್ ಮೂರೂ ಚೆನ್ನಾಗಿವೆ. ಎಳೆ ಕಡ್ಡಿ ಸಮೇತ ಕೊಚ್ಚಿ, ಸ್ವಲ್ಪ ಬಾಡಿಸಿ, ಹುಲ್ಲಿಗೆ ಬೆರೆಸಿ. ಹಿಡಿಯಷ್ಟರಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸಿ. ರೇಷ್ಮೆ ತೋಟದ ಸೊಪ್ಪಾದರೆ ಔಷಧಿ ಹೊಡೆದಿದ್ದಾರಾ ಅಂತ ಕೇಳಿಯೇ ತನ್ನಿ.

ಸುಬಾಬುಲ್ ಅನ್ನೋ ಮೇವಿನ ಮರದ ವಿಷಯದಲ್ಲಿ ಮಾತ್ರ ಹುಷಾರು. ಅದರಲ್ಲಿ ಮಿಮೋಸಿನ್ ಅನ್ನೋ ವಿಷಕಾರಿ ಅಂಶ ಇದೆ. ಅತಿಯಾದರೆ ಕೂದಲು ಉದುರಿ ಥೈರಾಯ್ಡ್ ಊದಿಕೊಳ್ಳುತ್ತೆ. ಒಟ್ಟು ಮೇವಿನಲ್ಲಿ ಶೇ. 30 ದಾಟಿಸಬೇಡಿ, ಕುದುರೆಗಂತೂ ಹಾಕಲೇಬೇಡಿ.

ಇನ್ನೊಂದು ಮಾತು. ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ರಂಜಕ (ಫಾಸ್ಫರಸ್) ಕಡಿಮೆ. ಅದನ್ನು ತುಂಬಿಕೊಡೋದು ತೌಡು, ಗೋಧಿ ಬೂಸ. ಎಲೆಯಲ್ಲಿ ಸತು, ತಾಮ್ರ ಎಷ್ಟಿರುತ್ತೆ ಅನ್ನೋದು ಮಣ್ಣನ್ನು ಅವಲಂಬಿಸಿರುತ್ತೆ: ಮಣ್ಣಲ್ಲೇ ಇಲ್ಲದ್ದು ಎಲೆಗೆ ಬರಲ್ಲ. ಹಾಗಾಗಿ ಹಾಲು ಕೊಡೋ ಹಸುವಿಗೆ ಖನಿಜ ಮಿಶ್ರಣ ನಿಲ್ಲಿಸಬೇಡಿ. ನಿಮ್ಮ ಭಾಗಕ್ಕೆ ಯಾವ ಮಿಶ್ರಣ ಹೊಂದುತ್ತೆ ಅಂತ ಪಶುವೈದ್ಯರನ್ನು ಕೇಳಿ.