ಸಂಖ್ಯೆಯ ಪಕ್ಕ ಆಶ್ಚರ್ಯಸೂಚಕ ಏಕೆ? ಫ್ಯಾಕ್ಟೋರಿಯಲ್ ಲೆಕ್ಕ ಹೀಗೆ ಮಾಡಿ

ವಿಷ್ಣುವಿಗೆ ನಾಲ್ಕು ಕೈ. ಹಿಡಿಯಲು ಶಂಖ, ಚಕ್ರ, ಗದೆ, ಪದ್ಮ. ಇವನ್ನು ಕೈ ಬದಲಿಸಿ ಎಷ್ಟು ಬಗೆಯಲ್ಲಿ ಹಿಡಿಯಬಹುದು? ಎರಡನೇ ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಕೇಳಿದ ಲೆಕ್ಕ ಇದು. ಫ್ಯಾಕ್ಟೋರಿಯಲ್ ಕಲಿಯಲು ಇದಕ್ಕಿಂತ ಚೆಂದದ ಲೆಕ್ಕ ನನಗಂತೂ ಸಿಕ್ಕಿಲ್ಲ.

ಮೊದಲ ಕೈಗೆ ನಾಲ್ಕರಲ್ಲಿ ಯಾವುದನ್ನಾದರೂ ಕೊಡಿ. ಎರಡನೇ ಕೈಗೆ ಉಳಿಯುವುದು ಮೂರು. ಮೂರನೆಯದಕ್ಕೆ ಎರಡು. ಕೊನೆಯ ಕೈಗೆ ಆಯ್ಕೆಯೇ ಇಲ್ಲ, ಉಳಿದದ್ದನ್ನು ಹಿಡಿಯಬೇಕು ಅಷ್ಟೇ. ಈಗ ಗುಣಿಸಿ: 4×3×2×1 = 24. ಕೂಡಬಾರದೇ? ಬಾರದು. ಮೊದಲ ಕೈಯಲ್ಲಿ ಏನೇ ಇರಲಿ, ಪ್ರತಿ ಸಲವೂ ಎರಡನೇ ಕೈಗೆ ಮೂರು ದಾರಿ ತೆರೆದಿರುತ್ತವೆ. ಅದಕ್ಕೇ ಗುಣಾಕಾರ.

ಕೇಶವ, ನಾರಾಯಣ, ಮಾಧವ ಎಂದು ಶುರುವಾಗುವ ಹೆಸರುಗಳೂ 24, ಅಲ್ವಾ? ಶಿಲ್ಪದಲ್ಲಿ ಆ ರೂಪಗಳನ್ನು ಗುರುತಿಸುವುದೇ ಯಾವ ಕೈಯಲ್ಲಿ ಏನಿದೆ ಎಂದು ನೋಡಿ. ಹೊಯ್ಸಳ ದೇಗುಲಕ್ಕೆ ಹೋದಾಗ ಗೋಡೆಯ ಮೂರ್ತಿಗಳ ಕೈಗಳನ್ನು ಗಮನಿಸಿ.

ಹೀಗೆ ಒಂದು ಸಂಖ್ಯೆಯಿಂದ 1ರವರೆಗೆ ಇಳಿಯುತ್ತಾ ಎಲ್ಲವನ್ನೂ ಗುಣಿಸಿದರೆ ಸಿಗುವುದೇ ಆ ಸಂಖ್ಯೆಯ ಫ್ಯಾಕ್ಟೋರಿಯಲ್. 4×3×2×1 ಎಂದು ಇಷ್ಟುದ್ದ ಬರೆಯುವ ಬದಲು 4! ಎಂದರೆ ಸಾಕು. ಈ ಗುರುತನ್ನು 1808ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಕ್ರಿಶ್ಚಿಯನ್ ಕ್ರಾಂಪ್. ಚಿಹ್ನೆ ಸುಮ್ನೆ ಇಟ್ಟದ್ದಲ್ಲ ಅನಿಸುವಷ್ಟು ಬೇಗ ಉತ್ತರ ಬೆಳೆಯುತ್ತದೆ. ಭಾಸ್ಕರರು ಹತ್ತು ಕೈಯ ಶಿವನ ಲೆಕ್ಕವನ್ನೂ ಕೇಳಿದ್ದಾರೆ. ಅದರ ಉತ್ತರ 10!, ಅಂದರೆ 36,28,800.

ಪ್ರತಿ ಸಲ ಮೊದಲಿನಿಂದ ಗುಣಿಸಬೇಕಿಲ್ಲ. 4! ಗೊತ್ತಿದ್ದರೆ ಅದನ್ನು 5ರಿಂದ ಗುಣಿಸಿ, 5! = 120 ಸಿಕ್ಕಿತು. ಭಾಗಾಕಾರ ಇನ್ನೂ ಸುಲಭ. 10! ÷ 8! ಬಂದರೆ 8!ನ್ನು ಮೇಲೆ ಕೆಳಗೆ ಹೊಡೆದುಹಾಕಿ. ಉಳಿಯುವುದು 10×9 = 90. ಆದರೆ 6! ÷ 3! ಎಂದರೆ 2! ಅಲ್ಲ, 120. ಹಾಗೆಯೇ 3! + 2! ಎಂದರೆ 8, 5! ಅಲ್ಲ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

0! = 1 ಎಂಬುದು ಹಲವರಿಗೆ ಒಗಟು. ಕೆಳಗಿಳಿಯುತ್ತಾ ನೋಡಿ. 24ನ್ನು 4ರಿಂದ ಭಾಗಿಸಿದರೆ 3! = 6. ಅದನ್ನು 3ರಿಂದ ಭಾಗಿಸಿದರೆ 2! = 2. ಅದನ್ನು 2ರಿಂದ ಭಾಗಿಸಿದರೆ 1! = 1. ಅದನ್ನು 1ರಿಂದ ಭಾಗಿಸಿದರೆ 0!, ಮತ್ತೆ 1.

ಒಂದೇ ವಸ್ತು ಎರಡು ಸಲ ಬಂದರೆ? ‘ಕನಕ’ದ ಮೂರು ಅಕ್ಷರಗಳನ್ನು ಅದಲು ಬದಲು ಮಾಡಿ. ಎರಡು ‘ಕ’ ಜಾಗ ಬದಲಿಸಿದರೆ ಹೊಸದೇನೂ ಸಿಗದು. ಆದ್ದರಿಂದ 3!ನ್ನು 2!ರಿಂದ ಭಾಗಿಸಿ. ಕನಕ, ಕಕನ, ನಕಕ: ಮೂರೇ. ಇನ್ನು ‘ಸರಸರ’ ನೀವು ಮಾಡಿ. ಉತ್ತರ 6 ಬರಬೇಕು.