ಸ್ಟ್ರೋಕ್ ನಂತರ ವಿಆರ್ ಆಟ: ಸ್ಕೋರ್ ಬಿಡಿ, ಭುಜ ನೋಡಿ

ಅಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ ಸೋತಿದೆ ಎಂದುಕೊಳ್ಳಿ. ಆ ಕೈಗೆ ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಬೇಕು. ಮಿದುಳು ಮತ್ತೆ ಕಲಿಯುವುದು ಹಾಗೆಯೇ. ದಿನಾ 'ಕೈ ಎತ್ತಿ, ಇಳಿಸಿ' ಎಂದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ? ವಿಆರ್ (ವರ್ಚುವಲ್ ರಿಯಾಲಿಟಿ), ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಕೃತಕ ಲೋಕದೊಳಗೆ ಆಡುವ ಆಟದ ಉಪಯೋಗ ಇಲ್ಲೇ. ಬಲೂನು ಒಡೆಯುವ ಹುಮ್ಮಸ್ಸಿನಲ್ಲಿ ಕೈ ತಾನಾಗಿ ಮೇಲೇಳುತ್ತದೆ.

ಆದರೆ ಪವಾಡ ನಿರೀಕ್ಷಿಸಬೇಡಿ. ಟಿವಿ ಮುಂದೆ ಆಡುವ ನಿಂಟೆಂಡೊ ವೀ ಆಟವನ್ನು ನಾಲ್ಕು ದೇಶಗಳ 141 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಇಸ್ಪೀಟು, ಬಿಂಗೊ ಆಡಿದವರೂ ಅಷ್ಟೇ ಸುಧಾರಿಸಿದ್ದರು! ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆಯ ಪ್ರಕಾರ, ಮಾಮೂಲಿ ಚಿಕಿತ್ಸೆಯ ಜೊತೆಗೆ ಇಂಥ ಆಟ ಸೇರಿಸಿ ಅಭ್ಯಾಸದ ಸಮಯ ಹೆಚ್ಚಿಸಿದಾಗ ಕೈಗೆ ಲಾಭವಿದೆ. ಹಾಗಾಗಿ ಫಿಸಿಯೋಥೆರಪಿ ನಿಲ್ಲಿಸಬೇಡಿ.

ಮೊದಲು ಡಾಕ್ಟರನ್ನು ಕೇಳಿ. ಫಿಟ್ಸ್ ಬಂದಿತ್ತೇ, ಬಿಪಿ ಹತೋಟಿಯಲ್ಲಿದೆಯೇ, ತಲೆಸುತ್ತು, ಭುಜದ ನೋವು ಇದೆಯೇ, ಒಂದು ಪಕ್ಕ ಕಾಣಿಸುತ್ತಿಲ್ಲವೇ ಎಂಬುದನ್ನೆಲ್ಲ ತಿಳಿಸಿ.

ಒಪ್ಪಿಗೆ ಸಿಕ್ಕರೆ ಗಾಲಿ ಇಲ್ಲದ, ಕೈ ಇರುವ ಗಟ್ಟಿ ಕುರ್ಚಿ ಹಾಕಿ. ಪಾದಗಳು ನೆಲಕ್ಕೆ ಊರಿರಲಿ. ಹೆಡ್‌ಸೆಟ್ ಹಾಕಿದವರಿಗೆ ಕೋಣೆ ಕಾಣುವುದಿಲ್ಲ. ಫಿಸಿಯೋ ಪಕ್ಕದಲ್ಲಿ ಇಲ್ಲದಿದ್ದರೆ ನಿಂತು ಆಡಿಸಲೇಬೇಡಿ. ನೀವು ಸೋತ ಕೈಯ ಕಡೆ ಕೂರಿ. ಅವರಿಗೆ ಕಾಣುವ ದೃಶ್ಯವನ್ನು ಫೋನಿನಲ್ಲೋ ಟಿವಿಯಲ್ಲೋ ಹಾಕಿಕೊಂಡರೆ ನಿಮಗೂ ಗೊತ್ತಾಗುತ್ತದೆ. ಕಂಟ್ರೋಲರ್ ಹಿಡಿಯಲು ಮುಷ್ಟಿ ಬಿಗಿಯಾಗದಿದ್ದರೆ, ಬರಿಗೈಯನ್ನೇ ಕ್ಯಾಮೆರಾ ಗುರುತಿಸುವ ಹೆಡ್‌ಸೆಟ್ ನೋಡಿ.

ನಿಧಾನದ ಆಟವೇ ಒಳ್ಳೆಯದು. ಹಾರುವ, ಓಡುವ ಆಟದಲ್ಲಿ ಕಣ್ಣಿಗೆ ಚಲನೆ ಕಾಣುತ್ತದೆ, ಮೈ ಮಾತ್ರ ಕೂತಲ್ಲೇ ಇರುತ್ತದೆ. ಅದಕ್ಕೇ ವಾಕರಿಕೆ. ಮೊದಲ ದಿನ ಐದು ನಿಮಿಷ ಸಾಕು. ಆಮೇಲೆ ಎಷ್ಟು ಹೆಚ್ಚಿಸಬೇಕೆಂದು ಫಿಸಿಯೋ ಹೇಳಲಿ.

ಈಗ ನಿಜವಾದ ಕೆಲಸ. ಮೊಣಕೈ ಚಾಚಲಾಗದಿದ್ದಾಗ ಅಪ್ಪ ಇಡೀ ಮೈಯನ್ನೇ ಮುಂದಕ್ಕೆ ಬಾಗಿಸುತ್ತಾರೆ, ಭುಜವನ್ನು ಕಿವಿಯವರೆಗೆ ಏರಿಸುತ್ತಾರೆ. ಬಲೂನು ಒಡೆಯುತ್ತದೆ, ಸ್ಕೋರ್ ಏರುತ್ತದೆ, ಕೈ ಮಾತ್ರ ಏನೂ ಕಲಿತಿರುವುದಿಲ್ಲ. ಎಷ್ಟೋ ಆಟಗಳಿಗೆ ಈ ಕಳ್ಳಾಟ ಗೊತ್ತಾಗುವುದಿಲ್ಲ, ನೀವೇ ಹಿಡಿಯಬೇಕು. ಬೆನ್ನು ಕುರ್ಚಿ ಬಿಟ್ಟರೆ ಗುರಿಯನ್ನು ಹತ್ತಿರಕ್ಕೆ, ಕೆಳಕ್ಕೆ ತನ್ನಿ. ಒಳ್ಳೆಯ ಕೈ ಸುಮ್ನೆ ಮಧ್ಯೆ ಬಂದರೆ ಅದಕ್ಕೆ ಕುರ್ಚಿಯ ಕೈ ಹಿಡಿಯುವ ಕೆಲಸ ಕೊಡಿ. ಸೋತ ಕೈಯನ್ನು ಯಾವ ಕಾರಣಕ್ಕೂ ಎಳೆಯಬೇಡಿ, ಸಡಿಲವಾದ ಭುಜಕ್ಕೆ ಪೆಟ್ಟಾಗುತ್ತದೆ.

ನೋವು, ವಾಕರಿಕೆ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ 'ಸುಸ್ತಾಗಿರಬೇಕು' ಎಂದು ಕಾಯಬೇಡಿ. ಅದು ಮತ್ತೊಂದು ಸ್ಟ್ರೋಕ್ ಇರಬಹುದು, ಗಂಟೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಆಟ ಮುಗಿದ ಕೂಡಲೇ ಅದೇ ಚಲನೆಯನ್ನು ಮನೆಕೆಲಸದಲ್ಲಿ ಮಾಡಿಸಿ: ಹಗ್ಗದ ಮೇಲಿನ ಟವೆಲ್ ಎಳೆಯುವುದು, ಸ್ವಿಚ್ ಹಾಕುವುದು. ಯಾವುದು ಸಾಧ್ಯವಾಗಲಿಲ್ಲ ಎಂದು ಬರೆದಿಟ್ಟು ಫಿಸಿಯೋಗೆ ತೋರಿಸಿ. ಮುಂದೆ ಯಾವ ಆಟ ಎಂದು ಅದನ್ನು ನೋಡಿ ಅವರೇ ಹೇಳುತ್ತಾರೆ.