ಸರ್ಟಿಫಿಕೇಟ್ ರಿನ್ಯೂ ಆಗಿತ್ತು, ಸೈಟ್ ಮಾತ್ರ ತೆರೆಯುತ್ತಿರಲಿಲ್ಲ

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಫೋನು. ನಮ್ಮೂರ ಶಾಲೆಯ ಹಳೆ ವಿದ್ಯಾರ್ಥಿಗಳಿಗಾಗಿ ನಾನೊಂದು ಪುಟ್ಟ ಸೈಟ್ ನಡೆಸುತ್ತೇನೆ. ಹಳೆಯ ಗ್ರೂಪ್ ಫೋಟೋಗಳು, ಮೇಷ್ಟರುಗಳ ನೆನಪು, ಇಷ್ಟೇ ಅದರ ಬಂಡವಾಳ. ದಿನವೂ ತಪ್ಪದೆ ಅದನ್ನು ತೆರೆದು ನೋಡುವವರು ದೊಡ್ಡಪ್ಪ ಒಬ್ಬರೇ ಇರಬೇಕು.

"ಏನೋ, ನಿನ್ನ ಸೈಟು ತೆಗೆದ್ರೆ ಕೆಂಪು ತ್ರಿಕೋನ ಬರ್ತದೆ. ಕಳ್ಳರಿದಾರೆ ಅಂತೇನೋ ಹೇಳ್ತದೆ. ನಿನ್ನೆ ತನಕ ಸರಿ ಇತ್ತಲ್ಲೋ?"

ಸರ್ವರ್‌ಗೆ ಲಾಗಿನ್ ಆಗಿ ನೋಡಿದರೆ, ಸೈಟ್ ಅಸಲಿ ಎಂದು ಬ್ರೌಸರ್‌ಗೆ ಸಾಬೀತುಪಡಿಸುವ ಸರ್ಟಿಫಿಕೇಟ್ ಫೈಲ್‌ಗೆ ಇನ್ನೂ ಎರಡು ತಿಂಗಳ ಆಯುಷ್ಯವಿತ್ತು. ತಿಂಗಳ ಹಿಂದೆಯೇ ಅದು ತಾನಾಗಿ ನವೀಕರಣಗೊಂಡು ಡಿಸ್ಕಿನಲ್ಲಿ ಜೋಪಾನವಾಗಿ ಕೂತಿತ್ತು. ಆದರೆ ವೆಬ್ ಸರ್ವರ್ ಎಂಜಿನ್‌ಎಕ್ಸ್ (nginx), ತಾನು ಶುರುವಾದಾಗ ಓದಿಕೊಂಡ ಹಳೆಯ ಸರ್ಟಿಫಿಕೇಟನ್ನೇ ನೆನಪಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿತ್ತು. ಹೊಸದು ಬಂದಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು.

ಸರ್ಟಿಫಿಕೇಟ್ ಪಡೆಯುವುದು ಐದು ನಿಮಿಷದ ಕೆಲಸ. ಹೆಚ್ಚಿನ ಪಾಠಗಳು ಅಲ್ಲಿಗೇ ಮುಗಿಯುತ್ತವೆ. ಆಮೇಲಿನ ಭಾಗದಲ್ಲಿ ನಾನೇ ಎಡವಿದ್ದರಿಂದ ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ನಿಮ್ಮಲ್ಲಿ ಉಬುಂಟು ಸರ್ವರ್, ಅದರಲ್ಲಿ ಎಂಜಿನ್‌ಎಕ್ಸ್, ನಿಮ್ಮದೇ ಒಂದು ಡೊಮೇನ್ ಇದೆ ಎಂದುಕೊಂಡಿದ್ದೇನೆ. ಇನ್ನೊಂದು ಮಾತು: ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪಿಸುವಾಗ ಇಂಗ್ಲಿಷ್ ಕಾಗುಣಿತ ಬಳಸಿ, ಇಲ್ಲವಾದರೆ ಅದು ಮುಖ ತಿರುಗಿಸುತ್ತದೆ.

ಚೀಟಿ ಅಂಟಿಸಿ ತೋರಿಸಿ

ಮೊದಲು ಸರ್ಟಿಫಿಕೇಟನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ವರ್ಷಕ್ಕೊಮ್ಮೆ ಕೈಯಾರೆ ಬದಲಾಯಿಸಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಾರ್ವಜನಿಕರಿಗೆ ಬಾಗಿಲು ತೆರೆದ ಮೇಲೆ ಈ ಲೆಕ್ಕ ಬದಲಾಯಿತು. ಅಮೆರಿಕದ ಇಂಟರ್‌ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ ಎಂಬ ಲಾಭರಹಿತ ಸಂಸ್ಥೆ ಇದನ್ನು ನಡೆಸುತ್ತದೆ. ಸರ್ಟಿಫಿಕೇಟ್ ಉಚಿತ, ಅವಧಿ 90 ದಿನ. ಅವಧಿಯನ್ನು ಬೇಕೆಂದೇ ಇಷ್ಟು ಚಿಕ್ಕದಾಗಿ ಇಟ್ಟಿದ್ದಾರೆ. ಸರ್ಟಿಫಿಕೇಟ್‌ನ ಗುಟ್ಟಿನ ಕೀಲಿ ಕಳುವಾದರೂ ಹಾನಿ ಹೆಚ್ಚು ದಿನ ನಡೆಯಬಾರದು, ಜನ ಕೈಯಾರೆ ಮಾಡುವುದನ್ನು ಬಿಟ್ಟು ಯಂತ್ರಕ್ಕೆ ಒಪ್ಪಿಸಬೇಕು ಎಂಬುದು ಅದರ ಹಿಂದಿನ ಲೆಕ್ಕ.

ಡೊಮೇನ್ ನಿಮ್ಮದೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? "ಈ ಮನೆ ನಿಮ್ಮದೇ ಆಗಿದ್ದರೆ ನಾನು ಕೊಡುವ ಚೀಟಿಯನ್ನು ಬಾಗಿಲಿಗೆ ಅಂಟಿಸಿ, ಬಂದು ನೋಡುತ್ತೇನೆ" ಎನ್ನುತ್ತಾರೆ. ಚೀಟಿ ಎಂದರೆ ನಿಮ್ಮ ಸೈಟಿನ ಒಂದು ಗೊತ್ತಾದ ವಿಳಾಸದಲ್ಲಿ ಇಡಬೇಕಾದ ಪುಟ್ಟ ಫೈಲ್. ಒಬ್ಬರೇ ಬಂದು ನೋಡಿ ಹೋಗುವುದಿಲ್ಲ. 2020ರಿಂದ ಜಾಲದ ಬೇರೆ ಬೇರೆ ಕಡೆಗಳಿಂದ ಪರೀಕ್ಷಿಸುತ್ತಾರೆ, ಯಾರೋ ನಡುವೆ ದಾರಿ ತಪ್ಪಿಸಿ ಮೋಸ ಮಾಡದಿರಲೆಂದು. ಈ ಕೊಡು-ಕೊಳ್ಳುವ ಮಾತುಕತೆಯ ನಿಯಮಾವಳಿಗೆ ಆಕ್ಮೆ ಎಂದು ಹೆಸರು. ನಿಮ್ಮ ಪರವಾಗಿ ಆ ಮಾತುಕತೆ ಆಡುವ ತಂತ್ರಾಂಶ ಸರ್ಟ್‌ಬಾಟ್.

ಶುರು ಮಾಡುವ ಮುನ್ನ ಮೂರು ತಪಾಸಣೆ

ಒಂದು, ಡೊಮೇನಿನ ಡಿಎನ್‌ಎಸ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ದಾಖಲೆ ನಿಮ್ಮ ಸರ್ವರ್ ಐಪಿಯನ್ನೇ ತೋರಿಸುತ್ತಿರಬೇಕು.

ಎರಡು, 80 (ಸಾದಾ ಎಚ್‌ಟಿಟಿಪಿ) ಮತ್ತು 443 (ಸುರಕ್ಷಿತ ಎಚ್‌ಟಿಟಿಪಿಎಸ್) ಪೋರ್ಟ್, ಅಂದರೆ ಸರ್ವರ್‌ನ ಬಾಗಿಲು, ಎರಡೂ ತೆರೆದಿರಬೇಕು. "ನಾನು ಎಚ್‌ಟಿಟಿಪಿಎಸ್ ಮಾತ್ರ ಬಳಸುವವನು, 80 ಏಕೆ?" ಎಂದು ಮುಚ್ಚುವವರಿದ್ದಾರೆ. ಮೇಲೆ ಹೇಳಿದ ಚೀಟಿ ನೋಡಲು ಅವರು ಬರುವುದೇ 80ರ ಬಾಗಿಲಿಗೆ. ಕ್ಲೌಡ್ ಸರ್ವರ್ ಆಗಿದ್ದರೆ ಬೇಲಿ ಎರಡು: ಸರ್ವರ್ ಒಳಗಿನ ಫೈರ್‌ವಾಲ್ ಒಂದು, ಕ್ಲೌಡ್ ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲಿರುವುದು ಇನ್ನೊಂದು. ಒಳಗಿನದನ್ನು ತೆರೆದು ಹೊರಗಿನದನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು.

ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ಡಿಎನ್‌ಎಸ್‌ನಲ್ಲಿ ಐಪಿವಿ6ರ (ಹೊಸ ಮಾದರಿಯ ಐಪಿ ವಿಳಾಸದ) ಹಳೆಯ ದಾಖಲೆ ಏನಾದರೂ ಉಳಿದುಕೊಂಡಿದೆಯೇ? ಅದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಆ ವಿಳಾಸಕ್ಕೇ ಹೋಗುತ್ತದೆ. ಅಲ್ಲಿ ನಿಮ್ಮ ಸರ್ವರ್ ಇರದೆ ಬೇರಾವುದೋ ಇದ್ದರೆ ಪರೀಕ್ಷೆ ಫೇಲ್. ನಿಮ್ಮ ಮನೆಯ ಬ್ರೌಸರ್‌ನಲ್ಲಿ ಮಾತ್ರ ಎಲ್ಲವೂ ಸರಿಯಾಗಿ ಕಾಣುತ್ತಿರುತ್ತದೆ, ತಲೆ ಕೆರೆದುಕೊಳ್ಳುವುದೊಂದೇ ಬಾಕಿ.

ಮೊದಲ ಸರ್ಟಿಫಿಕೇಟ್

ಸರ್ಟ್‌ಬಾಟನ್ನು ಉಬುಂಟುವಿನಲ್ಲಿ ತಂತ್ರಾಂಶ ಹಾಕಿಕೊಳ್ಳುವ ಸ್ನ್ಯಾಪ್ ಮೂಲಕ ಹಾಕಿಕೊಳ್ಳುವುದು ಒಳ್ಳೆಯದು: "ಸುಡೋ ಸ್ನ್ಯಾಪ್ ಇನ್‌ಸ್ಟಾಲ್ --ಕ್ಲಾಸಿಕ್ ಸರ್ಟ್‌ಬಾಟ್". ಹಿಂದೆ ಅದೇ ಕೆಲಸದ ಇನ್ನೊಂದು ಸಾಧನವಾದ ಆಪ್ಟ್ ಮೂಲಕ ಹಾಕಿದ್ದು ಇದ್ದರೆ ಮೊದಲು ಅದನ್ನು ತೆಗೆಯಿರಿ. ಎರಡು ಸರ್ಟ್‌ಬಾಟ್ ಒಂದೇ ಮನೆಯಲ್ಲಿ ಇದ್ದರೆ ಯಾವುದು ಯಾವಾಗ ಓಡಿತೆಂದು ನಿಮಗೇ ತಿಳಿಯುವುದಿಲ್ಲ.

ಆಮೇಲೆ "ಸುಡೋ ಸರ್ಟ್‌ಬಾಟ್ --ಎಂಜಿನ್‌ಎಕ್ಸ್" ಎಂದು ಬರೆದು, ಮುಂದೆ "-ಡಿ" ಹಾಕಿ ನಿಮ್ಮ ಡೊಮೇನ್, ಮತ್ತೊಂದು "-ಡಿ" ಹಾಕಿ ಅದೇ ಡೊಮೇನ್ ಡಬ್ಲ್ಯುಡಬ್ಲ್ಯುಡಬ್ಲ್ಯು ಸಮೇತ. ಎರಡನ್ನೂ ಕೊಡಿ. ಸರ್ಟಿಫಿಕೇಟ್‌ಗೆ ಇವೆರಡೂ ಬೇರೆ ಬೇರೆ ಹೆಸರು. ಸರ್ಟ್‌ಬಾಟ್ ನಿಮ್ಮ ಎಂಜಿನ್‌ಎಕ್ಸ್ ಸಂರಚನೆಯನ್ನು ಓದಿ, ಚೀಟಿ ಇಟ್ಟು, ಸರ್ಟಿಫಿಕೇಟ್ ತಂದು, ಸಾಲುಗಳನ್ನೂ ತಾನೇ ಬರೆಯುತ್ತದೆ.

ಡೊಮೇನ್ ಕನ್ನಡದಲ್ಲೇ ಇದೆಯೇ? "ಡಾಟ್ ಭಾರತ" ಎಂದು ಕೊನೆಗೊಳ್ಳುವ ಕನ್ನಡ ಲಿಪಿಯ ಹೆಸರುಗಳಿಗೂ ಸರ್ಟಿಫಿಕೇಟ್ ಸಿಗುತ್ತದೆ, 2016ರಿಂದ ಆ ಸೌಲಭ್ಯವಿದೆ. ಆದರೆ ಸರ್ಟ್‌ಬಾಟ್‌ಗೆ ಕನ್ನಡ ಅಕ್ಷರ ನೇರವಾಗಿ ಕೊಟ್ಟರೆ ಒಪ್ಪುವುದಿಲ್ಲ. ಅದರ ಪ್ಯೂನಿಕೋಡ್ ರೂಪ, ಅಂದರೆ ಎಕ್ಸ್ ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಆ ವಿಚಿತ್ರ ಹೆಸರನ್ನು ಕೊಡಬೇಕು.

ಮೊದಲ ಸಲವೇ ಸರಿಬರದಿದ್ದರೆ ಹಟ ಹಿಡಿದು ಮತ್ತೆ ಮತ್ತೆ ಒತ್ತಬೇಡಿ. ಒಂದೇ ಹೆಸರುಗಳ ಗುಂಪಿಗೆ ಏಳು ದಿನಕ್ಕೆ ಐದೇ ಸರ್ಟಿಫಿಕೇಟ್. ಪರೀಕ್ಷೆ ಐದು ಸಲ ಫೇಲಾದರೆ ಸ್ವಲ್ಪ ಹೊತ್ತು ಆ ಹೆಸರಿನ ಬಾಗಿಲು ಮುಚ್ಚುತ್ತಾರೆ. ಪ್ರಯೋಗ ಮಾಡಲು ಅವರೇ ಇನ್ನೊಂದು ಸರ್ವರ್ ಇಟ್ಟಿದ್ದಾರೆ. ಆದೇಶದಲ್ಲಿ "ಸರ್ಟ್‌ಓನ್ಲಿ" ಎಂಬ ಪದ ಸೇರಿಸಿ, ಕೊನೆಗೆ "--ಡ್ರೈ-ರನ್" ಹಚ್ಚಿದರೆ ಕೆಲಸ ಅಲ್ಲಿ ನಡೆಯುತ್ತದೆ, ನಿಜವಾದ ಲೆಕ್ಕಕ್ಕೆ ಬರುವುದಿಲ್ಲ.

ಸಿಕ್ಕ ಫೈಲ್‌ಗಳು "/ಇಟಿಸಿ/ಲೆಟ್ಸ್‌ಎನ್‌ಕ್ರಿಪ್ಟ್/ಲೈವ್" ಒಳಗೆ ನಿಮ್ಮ ಡೊಮೇನ್ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತವೆ. ಎಂಜಿನ್‌ಎಕ್ಸ್‌ಗೆ ಬೇಕಾದದ್ದು ಎರಡು: ಫುಲ್‌ಚೈನ್ (ಸರ್ಟಿಫಿಕೇಟ್) ಮತ್ತು ಪ್ರೈವ್‌ಕೀ (ಗುಟ್ಟಿನ ಕೀಲಿ). ಮೊದಲನೆಯದನ್ನು ಜಗತ್ತಿಗೆಲ್ಲ ತೋರಿಸಬಹುದು, ಎರಡನೆಯದನ್ನು ಯಾರಿಗೂ ಅಲ್ಲ. ಈ ಫೈಲ್‌ಗಳನ್ನು ಬೇರೆಡೆಗೆ ಕಾಪಿ ಮಾಡಿಕೊಂಡು ಬಳಸಬೇಡಿ. ಅಲ್ಲಿರುವುದು ಬರೀ ಕೊಂಡಿ. ನವೀಕರಣವಾದಾಗ ಕೊಂಡಿ ಹೊಸ ಫೈಲಿನತ್ತ ತಿರುಗುತ್ತದೆ, ನಿಮ್ಮ ಕಾಪಿ ಹಳತಾಗಿಯೇ ಉಳಿಯುತ್ತದೆ.

ತಾನಾಗಿ ಆಗುವುದು ಎಷ್ಟು, ಆಗದೇ ಇರುವುದು ಎಷ್ಟು

ಸ್ನ್ಯಾಪ್ ಮೂಲಕ ಬಂದ ಸರ್ಟ್‌ಬಾಟ್ ತನ್ನೊಂದಿಗೆ ಟೈಮರ್ ಒಂದನ್ನು ತಂದಿರುತ್ತದೆ. "ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್" ಕೊಟ್ಟರೆ ಪಟ್ಟಿಯಲ್ಲಿ ಕಾಣಬೇಕು. ದಿನಕ್ಕೆರಡು ಸಲ ಅದು ಎದ್ದು ಸರ್ಟಿಫಿಕೇಟ್‌ಗಳನ್ನು ನೋಡುತ್ತದೆ. 90 ದಿನದ್ದಾದರೆ ಇನ್ನು 30 ದಿನ ಉಳಿದಾಗ ಹೊಸದನ್ನು ತರುತ್ತದೆ, ಉಳಿದಂತೆ ಸುಮ್ಮನೆ ಮಲಗುತ್ತದೆ. ಒಂದು ದಿನ ಜಾಲ ಕೈಕೊಟ್ಟರೂ ಮರುದಿನ ಮತ್ತೆ ಯತ್ನಿಸಲು ತಿಂಗಳ ಕಾಲಾವಕಾಶವಿದೆ.

ಮೇಲಿನ ರೀತಿಯಲ್ಲಿ "--ಎಂಜಿನ್‌ಎಕ್ಸ್" ಹಾಕಿ ಪಡೆದಿದ್ದರೆ ನವೀಕರಣದ ಬಳಿಕ ಎಂಜಿನ್‌ಎಕ್ಸನ್ನು ರಿಲೋಡ್ ಮಾಡುವ ಹೊಣೆಯೂ ಅದರದ್ದೇ. ನಾನು ಹಾಗೆ ಮಾಡಿರಲಿಲ್ಲ. ನನ್ನ ಸಂರಚನಾ ಫೈಲನ್ನು ಇನ್ನೊಬ್ಬರು ಮುಟ್ಟಬಾರದೆಂಬ ಒಣಜಂಬದಿಂದ "ಸರ್ಟ್‌ಓನ್ಲಿ --ವೆಬ್‌ರೂಟ್" ಬಳಸಿದ್ದೆ. ಹಾಗೆಂದರೆ "ಸರ್ಟಿಫಿಕೇಟ್ ತಂದಿಡು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ" ಎಂದರ್ಥ. ಅದು ತಂದಿಟ್ಟಿತು. ನಾನು ನೋಡಿಕೊಳ್ಳಲಿಲ್ಲ.

ಪರೀಕ್ಷೆ ಮಾಡಿರಲಿಲ್ಲವೇ ಎಂದರೆ, ಮಾಡಿದ್ದೆ. "ಸುಡೋ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್" ಎಂದು ಎಲ್ಲರೂ ಹೇಳಿಕೊಡುವುದನ್ನೇ ಓಡಿಸಿದ್ದೆ, ಯಶಸ್ವಿ ಎಂದೂ ಬಂದಿತ್ತು. ಡ್ರೈ-ರನ್ ಪರೀಕ್ಷಿಸುವುದು ಸರ್ಟಿಫಿಕೇಟ್ ತರುವ ದಾರಿ ಸರಿಯಿದೆಯೇ ಎಂಬುದನ್ನು. ತಂದ ಮೇಲೆ ನಡೆಯಬೇಕಾದ ಕೆಲಸವನ್ನು ಅದು ತಾನಾಗಿ ಓಡಿಸುವುದಿಲ್ಲ.

ಆ ಕೆಲಸಕ್ಕೆ ಡಿಪ್ಲಾಯ್ ಹುಕ್ ಎನ್ನುತ್ತಾರೆ. "/ಇಟಿಸಿ/ಲೆಟ್ಸ್‌ಎನ್‌ಕ್ರಿಪ್ಟ್/ರಿನ್ಯೂವಲ್-ಹುಕ್ಸ್/ಡಿಪ್ಲಾಯ್" ಎಂಬ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಇಡಿ. ಅದರಲ್ಲಿ ಮೊದಲ ಸಾಲು ಶೆಲ್‌ನ ಹೆಸರು ("#!/ಬಿನ್/ಎಸ್‌ಎಚ್"), ಎರಡನೇ ಸಾಲು "ಎಂಜಿನ್‌ಎಕ್ಸ್ -ಟಿ && ಸಿಸ್ಟಮ್‌ಸಿಟಿಎಲ್ ರಿಲೋಡ್ ಎಂಜಿನ್‌ಎಕ್ಸ್". ಮೊದಲ ತುಂಡು ಸಂರಚನೆಯಲ್ಲಿ ತಪ್ಪಿದೆಯೇ ಎಂದು ನೋಡುತ್ತದೆ, ಸರಿಯಿದ್ದರೆ ಮಾತ್ರ ಎರಡನೆಯದು ಓಡುತ್ತದೆ. ರಿಸ್ಟಾರ್ಟ್ ಬೇಡ, ರಿಲೋಡ್ ಸಾಕು. ಸೈಟ್ ನೋಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. "ಸಿಎಚ್‌ಮಾಡ್ +ಎಕ್ಸ್" ಕೊಟ್ಟು ಫೈಲನ್ನು ಓಡಿಸಬಲ್ಲದ್ದಾಗಿ ಮಾಡುವುದನ್ನು ಮರೆಯಬೇಡಿ. ಮರೆತರೆ ಹುಕ್ ಇದ್ದೂ ಇಲ್ಲದಂತೆ.

ಈಗ ಮತ್ತೆ ಡ್ರೈ-ರನ್ ಮಾಡಿ, ಈ ಸಲ ಕೊನೆಗೆ "--ರನ್-ಡಿಪ್ಲಾಯ್-ಹುಕ್ಸ್" ಸೇರಿಸಿ. ಹೊಸ ಆವೃತ್ತಿಯ ಸರ್ಟ್‌ಬಾಟ್‌ಗಳಲ್ಲಿ ಈ ಆಯ್ಕೆ ಇದೆ. ಮಿಂಚಂಚೆ, ಡೇಟಾಬೇಸ್ ಇತ್ಯಾದಿ ಬೇರೆ ಸೇವೆಗಳೂ ಇದೇ ಸರ್ಟಿಫಿಕೇಟ್ ಬಳಸುತ್ತಿದ್ದರೆ ಅವುಗಳ ರಿಲೋಡ್ ಕೂಡ ಈ ಸ್ಕ್ರಿಪ್ಟ್‌ನಲ್ಲೇ ಇರಲಿ.

ನಕ್ಷತ್ರದ ಸರ್ಟಿಫಿಕೇಟ್

ಎಲ್ಲ ಉಪಡೊಮೇನ್‌ಗಳಿಗೂ ಒಂದೇ ಸರ್ಟಿಫಿಕೇಟ್ ಬೇಕೆಂದರೆ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಇರುವ ವೈಲ್ಡ್‌ಕಾರ್ಡ್ ಪಡೆಯಬಹುದು. ಇದಕ್ಕೆ ಬಾಗಿಲಿಗೆ ಅಂಟಿಸುವ ಚೀಟಿ ನಡೆಯುವುದಿಲ್ಲ, ಡಿಎನ್‌ಎಸ್‌ನಲ್ಲೇ ಒಂದು ಟೆಕ್ಸ್ಟ್ ದಾಖಲೆ ಸೇರಿಸಬೇಕು. ಕೈಯಾರೆ ಸೇರಿಸಿ ಸರ್ಟಿಫಿಕೇಟ್ ಪಡೆದವರು ಸುಲಭವಾಯಿತೆಂದು ಖುಷಿಪಡುತ್ತಾರೆ. ಮೂರು ತಿಂಗಳ ಬಳಿಕ ಹೊಸ ದಾಖಲೆ ಬೇಕು, ಟೈಮರ್‌ಗೆ ನಿಮ್ಮ ಡಿಎನ್‌ಎಸ್ ಖಾತೆಯ ಪಾಸ್‌ವರ್ಡ್ ಗೊತ್ತಿಲ್ಲ. ಡಿಎನ್‌ಎಸ್ ಕಂಪನಿಗೆ ತಕ್ಕ ಸರ್ಟ್‌ಬಾಟ್ ಪ್ಲಗಿನ್ ಹಾಕಿ, ಆ ಡೊಮೇನಿಗಷ್ಟೇ ಅಧಿಕಾರವಿರುವ ಟೋಕನ್ ಕೊಡುವುದಾದರೆ ಮಾತ್ರ ಈ ದಾರಿ ಹಿಡಿಯಿರಿ. ಎರಡೋ ಮೂರೋ ಉಪಡೊಮೇನ್ ಇರುವವರಿಗೆ ನಕ್ಷತ್ರ ಯಾಕೆ ಬೇಕು ಎಂಬುದು ನನಗಂತೂ ಅರ್ಥವಾಗಿಲ್ಲ.

ಹೊರಗಿನಿಂದ ನೋಡುವ ಕಣ್ಣು

2018ರ ಡಿಸೆಂಬರ್ 6ರಂದು ಬ್ರಿಟನ್ನಿನಲ್ಲಿ ಒ2 ಜಾಲದ ಲಕ್ಷಾಂತರ ಗ್ರಾಹಕರಿಗೆ ಮೊಬೈಲ್ ಡೇಟಾ ನಿಂತುಹೋಯಿತು. ಆ ಜಾಲಕ್ಕೆ ಸಲಕರಣೆ ಒದಗಿಸಿದ್ದ ಎರಿಕ್‌ಸನ್ ಕಂಪನಿಯ ತಂತ್ರಾಂಶದೊಳಗಿನ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು. 2020ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಕೆಲ ಗಂಟೆ ಬಿದ್ದದ್ದೂ ಇದೇ ಕಾರಣಕ್ಕೆ. ಅವರ ಬಳಿ ಸಿಬ್ಬಂದಿಗೆ ಕೊರತೆ ಇರಲಿಲ್ಲ. ದೊಡ್ಡಪ್ಪ ಇರಲಿಲ್ಲ ಅಷ್ಟೇ.

ಹಿಂದೆ ಅವಧಿ ಮುಗಿಯುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್ ಮಿಂಚಂಚೆ ಕಳಿಸಿ ಎಚ್ಚರಿಸುತ್ತಿತ್ತು. 2025ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿದೆ. ಹಾಗಾಗಿ ಕಾವಲು ನಿಮ್ಮದೇ. ಸರ್ವರ್ ಒಳಗಿನ ಫೈಲನ್ನು ನೋಡುವ ಕಾವಲು ನನ್ನಂಥವರಿಗೆ ಪ್ರಯೋಜನವಿಲ್ಲ, ಫೈಲ್ ಸರಿಯಾಗಿಯೇ ಇತ್ತಲ್ಲ. ಬೇರೆ ಯಂತ್ರದಿಂದ, ಅಂದರೆ ಮನೆಯ ಕಂಪ್ಯೂಟರೋ ಇನ್ನೊಂದು ಸರ್ವರೋ, "ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್" ಮೂಲಕ ಸೈಟಿನ 443ನೇ ಪೋರ್ಟ್‌ಗೆ ಹೋಗಿ, ಅದು ಕೊಡುವ ಸರ್ಟಿಫಿಕೇಟನ್ನು "ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ಚೆಕ್‌ಎಂಡ್ 1296000" ಎಂಬುದಕ್ಕೆ ದಾಟಿಸಿ. ಆ ಸಂಖ್ಯೆ ಸೆಕೆಂಡುಗಳಲ್ಲಿ 15 ದಿನ. ಅಷ್ಟರೊಳಗೆ ಅವಧಿ ಮುಗಿಯುವುದಾದರೆ ಆದೇಶ ವಿಫಲವೆಂದು ಹಿಂದಿರುಗುತ್ತದೆ, ಆಗ ನಿಮಗೊಂದು ಸಂದೇಶ ಬರುವಂತೆ ಕ್ರಾನ್‌ನಲ್ಲಿ (ಗೊತ್ತಾದ ವೇಳೆಗೆ ಆದೇಶ ಓಡಿಸುವ ವ್ಯವಸ್ಥೆ) ದಿನಕ್ಕೊಮ್ಮೆ ಓಡಿಸಿ. ನವೀಕರಣ ನಡೆಯುವುದು 30 ದಿನ ಉಳಿದಾಗ. 15ಕ್ಕೆ ಇಳಿಯಿತೆಂದರೆ ಎಲ್ಲೋ ಕೆಟ್ಟಿದೆ, ಸರಿಪಡಿಸಲು ಎರಡು ವಾರ ಕೈಯಲ್ಲಿದೆ.

ಈ ಸಂಖ್ಯೆಗಳನ್ನು ಕಲ್ಲಿನಲ್ಲಿ ಕೆತ್ತಿಡಬೇಡಿ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಸಂಸ್ಥೆಗಳೂ ಸೇರಿ 2025ರಲ್ಲಿ ಒಪ್ಪಿಕೊಂಡ ಪ್ರಕಾರ, ಯಾವುದೇ ಸಾರ್ವಜನಿಕ ವೆಬ್ ಸರ್ಟಿಫಿಕೇಟ್‌ನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ ಬರೀ 47. ದುಡ್ಡು ಕೊಟ್ಟು ಕೊಂಡು ವರ್ಷಕ್ಕೊಮ್ಮೆ ಹಾಕುತ್ತಿದ್ದವರೂ ಇನ್ನು ಟೈಮರ್ ಮೊರೆ ಹೋಗಲೇಬೇಕು.

ಸೈಟ್ ಈಗಲೇ ಕೆಂಪಾಗಿ ನಿಂತಿದ್ದರೆ

ಗಾಬರಿಯಲ್ಲಿ "--ಫೋರ್ಸ್-ರಿನ್ಯೂವಲ್" ಒತ್ತಬೇಡಿ. ವಾರದ ಐದು ಸರ್ಟಿಫಿಕೇಟ್‌ಗಳು ಹಾಗೆಯೇ ಖರ್ಚಾಗುತ್ತವೆ. ಮೊದಲು "ಸುಡೋ ಸರ್ಟ್‌ಬಾಟ್ ಸರ್ಟಿಫಿಕೇಟ್ಸ್" ಕೊಟ್ಟು ಡಿಸ್ಕಿನಲ್ಲಿರುವುದರ ಕೊನೆಯ ದಿನಾಂಕ ನೋಡಿ, ಬ್ರೌಸರ್ ತೋರಿಸುವ ದಿನಾಂಕದೊಂದಿಗೆ ಹೋಲಿಸಿ. ಎರಡೂ ಹಳತಾಗಿದ್ದರೆ ನವೀಕರಣವೇ ಸೋತಿದೆ. "/ವಾರ್/ಲಾಗ್/ಲೆಟ್ಸ್‌ಎನ್‌ಕ್ರಿಪ್ಟ್" ಒಳಗಿನ ಲಾಗ್ ಓದಿ, ಹೆಚ್ಚಾಗಿ 80ನೇ ಪೋರ್ಟೋ ಡಿಎನ್‌ಎಸ್ಸೋ ಸಿಕ್ಕಿಬೀಳುತ್ತದೆ. ಡಿಸ್ಕಿನಲ್ಲಿ ಹೊಸದು, ಬ್ರೌಸರ್‌ನಲ್ಲಿ ಹಳೆಯದು ಎಂದಾದರೆ ನಿಮ್ಮದು ನನ್ನದೇ ಕಥೆ. ಎಂಜಿನ್‌ಎಕ್ಸ್ ರಿಲೋಡ್ ಮಾಡಿ.

ಅಂದು ನಾನು ಮಾಡಿದ್ದೂ ಆ ಒಂದೇ ಸಾಲು. ದೊಡ್ಡಪ್ಪ ಫೋನ್ ಇಟ್ಟಿರಲೇ ಇಲ್ಲ. "ಹಾಂ, ಬಂತು ಬಂತು. ಆ ಕಡೆ ಎರಡನೇ ಸಾಲಲ್ಲಿ ನಿಂತಿರೋದು ನಾನೇ ನೋಡು" ಎಂದರು.